ಸಡಿಲಗೊಂಡ ಕೀಲುಗಳು, ಒಂದು ಮಾರಿಸ್ ಮೈನರ್: ಕೆಳಮೈ ದುರಸ್ತಿಯ ವಿಮರ್ಶೆ

ನಮ್ಮ ಮನೆಯ 1954ರ ಮಾರಿಸ್ ಮೈನರ್ ಕಾರಿನ ಕೆಳಮೈ ಕೆಲಸವನ್ನು ಬೆಂಗಳೂರಿನ ಮಾಗಡಿ ರಸ್ತೆಗೆ ಸೇರುವ ಒಂದು ಒಳರಸ್ತೆಯ ಸಣ್ಣ ವರ್ಕ್‌ಶಾಪಿನಲ್ಲಿ ಮಾಡಿಸಿ ಹನ್ನೊಂದು ತಿಂಗಳಾಯಿತು. ಈ ಅವಧಿಯಲ್ಲಿ ಕಾರು 3,200 ಕಿಲೋಮೀಟರ್ ಓಡಿದೆ. ಒಂದು ಮಳೆಗಾಲ, ಒಂದು ಬೇಸಿಗೆ, ಎರಡು ದೂರದ ಪ್ರಯಾಣ ಮತ್ತು ಲೆಕ್ಕವಿಲ್ಲದಷ್ಟು ರಸ್ತೆ ಉಬ್ಬುಗಳನ್ನು ದಾಟಿದ ಮೇಲೆ ಈ ಕೆಲಸದ ಬಗ್ಗೆ ಬರೆಯಬಹುದೆಂದು ನನಗೆ ಅನ್ನಿಸಿದೆ. ಅಲ್ಲಿನ ಮೇಸ್ತ್ರಿಯವರು ಒಂದು ಸಲಕ್ಕೆ ಒಂದೇ ಹಳೆಯ ಕಾರನ್ನು ಒಪ್ಪಿಕೊಳ್ಳುವವರಾದ್ದರಿಂದ ಹೆಸರನ್ನು ಬರೆಯಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಹೆಸರಿಲ್ಲದ ವಿಮರ್ಶೆಯಿಂದ ಏನು ಪ್ರಯೋಜನವೆಂದು ಕೆಲವರು ಕೇಳಬಹುದು. ಆದರೆ ಯಾವ ಕೆಲಸ ಮಾಡಿಸಿದರೆ ಎಷ್ಟು ಫಲ ಸಿಕ್ಕಿತು, ಯಾವುದಕ್ಕೆ ಕೊಟ್ಟ ಹಣ ಸಾರ್ಥಕವಾಯಿತು, ಯಾವುದು ವ್ಯರ್ಥವಾಯಿತು ಎಂಬುದು ಇಂಥದೇ ಕಾರನ್ನು ಇಟ್ಟುಕೊಂಡವರಿಗೆ ಅಂಗಡಿಯ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನಾನು ನಂಬಿದ್ದೇನೆ.

ಮೊದಲಿಗೆ ಕಾರಿನ ಬಗ್ಗೆ ಒಂದೆರಡು ಮಾತು. ಅಲೆಕ್ ಇಸಿಗೋನಿಸ್ ಅವರು ರೂಪಿಸಿದ ಮಾರಿಸ್ ಮೈನರ್ 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲ ಬಾರಿಗೆ ಜನರ ಮುಂದೆ ಬಂದಿತು. ಮುಂದೆ ಮಿನಿ ಕಾರನ್ನು ರೂಪಿಸಿದವರೂ ಇವರೇ. ಮೈನರಿನ ಮಾದರಿ ಕಾರು ತೀರ ಕಿರಿದಾಗಿ ಕಾಣುತ್ತಿದೆ ಎನಿಸಿದಾಗ ಅದನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಕಣ್ಣಿಗೆ ಸರಿಯೆನಿಸುವವರೆಗೆ ದೂರ ಸರಿಸಿ, ಕೊನೆಗೆ 4 ಇಂಚು ಅಗಲ ಹೆಚ್ಚಿಸಿದ ಸಂಗತಿ ಪ್ರಸಿದ್ಧವಾದದ್ದು. ಆ 4 ಇಂಚು ಕಾರಿನ ರೂಪಕ್ಕಷ್ಟೇ ಅಲ್ಲ, ರಸ್ತೆಯ ಮೇಲೆ ಅದು ನಿಲ್ಲುವ ಬಗೆಗೂ ಒಳಿತು ಮಾಡಿತು. ಭಾರತದಲ್ಲಿ ಇದೇ ಕಾರು ಹಿಂದೂಸ್ತಾನ್ ಮೋಟರ್ಸ್ ಕಂಪನಿಯ ಮೂಲಕ ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಲ್ಲಿಯೂ ಬಂದಿತ್ತು. ನಮ್ಮದು ಎರಡನೆಯ ಸರಣಿಯ ಕಾರು. ಎರಡು ಹೋಳಾದ ಮುಂಗಾಜು, 803 ಸಿಸಿ ಎಂಜಿನ್, 30 ಅಶ್ವಶಕ್ತಿ. ಎಂಜಿನ್ನಿನ ಬಲ ಇಷ್ಟೇ ಆದರೂ ಈ ಕಾರಿಗೆ ಆ ಕಾಲದಲ್ಲಿಯೇ ರ್‍ಯಾಕ್ ಅಂಡ್ ಪಿನಿಯನ್ ಸ್ಟೇರಿಂಗ್ (ಹಲ್ಲುಚಕ್ರವೊಂದು ಹಲ್ಲಿನ ಪಟ್ಟಿಯನ್ನು ನೇರವಾಗಿ ಸರಿಸುವ ಬಗೆ) ಇತ್ತು, ಮುಂದಿನ ಎರಡು ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯುವಂತೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು) ವ್ಯವಸ್ಥೆ ಇತ್ತು. ತಿರುವಿನಲ್ಲಿ ಹಗುರವಾಗಿ, ನಂಬಿಕೆ ಹುಟ್ಟುವಂತೆ ಓಡುವ ಗುಣ ಇದರ ಹುಟ್ಟಿನಲ್ಲಿಯೇ ಇದೆ.

ನಮ್ಮ ಕಾರಿನಲ್ಲಿ ಆ ಗುಣ ಉಳಿದಿರಲಿಲ್ಲ. ಗಂಟೆಗೆ 50 ಕಿಲೋಮೀಟರ್ ದಾಟಿದರೆ ಸ್ಟೇರಿಂಗ್ ಚಕ್ರವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿದ್ದುತ್ತಲೇ ಇರಬೇಕಾಗಿತ್ತು. ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಸಣ್ಣ ಗುಂಡಿಗೂ ಮುಂದಿನಿಂದ ಟಕ್ಕೆಂದು ಲೋಹದ ಸದ್ದು ಬರುತ್ತಿತ್ತು, ರಸ್ತೆ ಉಬ್ಬನ್ನು ದಾಟಿದ ಮೇಲೆ ಮೂತಿ ಮೂರು ನಾಲ್ಕು ಸಲ ತೂಗಿ ನಿಲ್ಲುತ್ತಿತ್ತು. ಹಿಂಬದಿಯ ಕಥೆ ಇದಕ್ಕೆ ತದ್ವಿರುದ್ಧವಾಗಿತ್ತು. ಅದು ತೂಗುತ್ತಿರಲಿಲ್ಲ, ಒದೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ಕುಳಿತ ನನ್ನ ತಾಯಿಯವರು ಒಮ್ಮೆ ಬಸವನಗುಡಿಯಿಂದ ಮನೆಗೆ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಇಳಿದವರು ಮತ್ತೆ ಆ ಕಾರು ಹತ್ತಲು ಒಪ್ಪಲಿಲ್ಲ. ಈ ಕೆಲಸಕ್ಕೆ ನಾನು ಕೈಹಾಕಿದ್ದು ಅದಾದ ಮೇಲೆ.

ಇದಕ್ಕೂ ಮುಂಚೆ ನಗರದ ಬೇರೊಂದು ಗ್ಯಾರೇಜಿನಲ್ಲಿ ಇದೇ ಕೆಲಸಕ್ಕೆ ಹಣ ಕಳೆದುಕೊಂಡಿದ್ದೆ. ಅಲ್ಲಿ ಹಿಂದಿನ ಕಮಾನು ಪಟ್ಟಿಗಳಿಗೆ (ಲೀಫ್ ಸ್ಪ್ರಿಂಗುಗಳಿಗೆ) ಎರಡು ಹೆಚ್ಚಿನ ಪ್ಲೇಟು ಸೇರಿಸಿದರು; ಕುಸಿದಿದ್ದ ಪ್ಲೇಟುಗಳನ್ನು ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರು; ಮುಂದಿನ ಶಾಕ್ ಅಬ್ಸಾರ್ಬರುಗಳಲ್ಲಿ ಸೋರಿಹೋಗಿದ್ದ ಎಣ್ಣೆಯ ಬದಲಿಗೆ ಗೇರ್ ಪೆಟ್ಟಿಗೆಯ ದಪ್ಪ ಎಣ್ಣೆ ತುಂಬಿದರು. ಒಂದು ತಿಂಗಳ ಕಾಲ ಕಾರು ಗಟ್ಟಿಯಾದಂತೆ ಅನ್ನಿಸಿತು. ಗಟ್ಟಿತನವೇ ಸುಧಾರಣೆ ಎಂದು ನಾನೂ ಆಗ ತಿಳಿದಿದ್ದೆ. ಕಾಯಿಸಿದ ಪ್ಲೇಟುಗಳು ಹದ ಕಳೆದುಕೊಂಡಿದ್ದರಿಂದ ವರ್ಷ ತುಂಬುವುದರೊಳಗೆ ಮತ್ತೆ ಕುಸಿದವು, ಎಣ್ಣೆ ಮತ್ತೆ ಸೋರಿತು, ಸೇರಿಸಿದ ಎರಡು ಪ್ಲೇಟುಗಳ ಒದೆತ ಮಾತ್ರ ಶಾಶ್ವತವಾಗಿ ಉಳಿಯಿತು.

ಮಾಗಡಿ ರಸ್ತೆಯ ಮೇಸ್ತ್ರಿಯವರು ಕಾರನ್ನು ಓಡಿಸಿ ನೋಡಲಿಲ್ಲ. ಮುಂಭಾಗವನ್ನು ಜಾಕಿನ ಮೇಲೆ ಎತ್ತಿ, ಚಕ್ರದ ಮೇಲುಗಡೆ ಒಂದು ಕೈ, ಕೆಳಗಡೆ ಒಂದು ಕೈ ಇಟ್ಟು ಹಿಂದೆ ಮುಂದೆ ಅಲ್ಲಾಡಿಸಿದರು. ಎರಡು ಬದಿಯಲ್ಲಿಯೂ ಚಕ್ರ ಹಲ್ಲು ಸಡಿಲಾದಂತೆ ಕದಲಿತು. ಅಲ್ಲಿದ್ದ ಹುಡುಗನನ್ನು ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿದರು. ಆಗಲೂ ಕದಲಿದ್ದರಿಂದ ದೋಷ ಚಕ್ರದ ಬೇರಿಂಗಿನಲ್ಲಿಲ್ಲ, ಅದರ ಹಿಂದಿನ ಟ್ರನಿಯನ್ ಎಂಬ ಕೀಲುಗಳಲ್ಲಿದೆ ಎಂದು ತೋರಿಸಿಕೊಟ್ಟರು. "ಸಾರ್, ಈ ಗಾಡೀಲಿ ಸ್ಪ್ರಿಂಗ್ ಕೆಟ್ಟಿಲ್ಲ, ಕೀಲು ಕೆಟ್ಟಿದೆ. ಕೀಲು ಸರಿ ಮಾಡ್ದೆ ಎಂಥಾ ಶಾಕ್ ಹಾಕಿದ್ರೂ ನಿಮ್ಮ ದುಡ್ಡು ದಂಡ" ಎಂದರು. ಮುಂದಿನ ಐದು ತಿಂಗಳ ಕೆಲಸವೆಲ್ಲ ಈ ಮಾತಿನ ವಿಸ್ತರಣೆಯೇ ಆಗಿತ್ತು, ಮತ್ತು ಈ ಸೇವೆಯನ್ನು ನಾನು ಮೆಚ್ಚುವುದಕ್ಕೆ ಮುಖ್ಯ ಕಾರಣವೂ ಇದೇ. ಮಾರಾಟಕ್ಕೆ ಸಿಗುವ ಸುಧಾರಣೆಯ ಸಾಮಾನನ್ನು ಪಟ್ಟಿ ಮಾಡುವ ಮೊದಲು, ಕಾರಿನಲ್ಲಿ ಮೊದಲೇ ಇದ್ದ ಒಳ್ಳೆಯದನ್ನು ಮರಳಿ ಪಡೆಯುವುದರ ಕಡೆಗೆ ಅವರು ಗಮನ ಕೊಟ್ಟರು.

ಟ್ರನಿಯನ್ ಎಂಬ ಈ ಭಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೈನರ್ ಇಟ್ಟುಕೊಂಡವರ ಜೀವಕ್ಕೆ ಸಂಬಂಧಿಸಿದ ವಿಷಯ ಇದು. ಈ ಕಾರಿನ ಮುಂದಿನ ಚಕ್ರವನ್ನು ಹೊತ್ತ ಲಂಬವಾದ ಪಿನ್ನಿನ ಎರಡು ತುದಿಗಳಲ್ಲಿ ತಿರುಪಿನ ಸುತ್ತುಗಳಿರುತ್ತವೆ. ಆ ಸುತ್ತುಗಳು ಮೇಲಿನ ಮತ್ತು ಕೆಳಗಿನ ಟ್ರನಿಯನ್ನುಗಳೊಳಗೆ ಕೂತಿದ್ದು, ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಅವು ತಿರುಪಿನಂತೆಯೇ ಒಳಗೆ ಹೊರಗೆ ತಿರುಗುತ್ತವೆ. ಅಲ್ಲಿ ಗ್ರೀಸ್ ಇಲ್ಲವಾದರೆ ಸುತ್ತುಗಳು ಸವೆಯುತ್ತವೆ. ಸವೆತ ಮಿತಿ ಮೀರಿದರೆ ಕೆಳಗಿನ ಟ್ರನಿಯನ್ ಕಳಚಿಕೊಂಡು ಚಕ್ರ ಮಡಚಿ ಕಾರು ನೆಲಕ್ಕೆ ಕುಸಿಯುತ್ತದೆ. ಮೈನರ್ ಕಾರುಗಳ ವಿಷಯದಲ್ಲಿ ಲೋಕವೆಲ್ಲ ಬಲ್ಲ ಅಪಾಯ ಇದು. ನಮ್ಮ ಕಾರಿನ ಎಡಬದಿಯ ಪಿನ್ನನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಮೇಸ್ತ್ರಿಯವರು ನನ್ನ ಅಂಗೈಯಲ್ಲಿಟ್ಟರು. ಮೇಲಿನ ತುದಿಯ ಸುತ್ತುಗಳು ಉಗುರಿಗೆ ಚೂಪಾಗಿ ತಾಗುತ್ತಿದ್ದವು. ಕೆಳಗಿನ ತುದಿಯಲ್ಲಿ ಉಗುರು ಜಾರಿಹೋಯಿತು. ಕೊನೆಯ ಕೆಲವು ಸುತ್ತುಗಳು ಚಪ್ಪಟೆಯಾಗಿ, ಸಂಧಿಯಲ್ಲಿ ಒಣಗಿದ ಕಪ್ಪು ಗ್ರೀಸ್ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಗ್ರೀಸ್ ನಿಪ್ಪಲಿನ ತೂತು ಎಂದೋ ಮುಚ್ಚಿಹೋಗಿತ್ತು. ವರ್ಷಗಟ್ಟಲೆ ಗ್ರೀಸ್ ಗನ್ ಒತ್ತಿದವರೆಲ್ಲ ಹೊರಗೆ ಮೆತ್ತಿದ ಗ್ರೀಸನ್ನು ಒರೆಸಿ ಕೆಲಸವಾಯಿತೆಂದು ಎದ್ದಿದ್ದಾರೆ. ಇದೇ ಚಕ್ರವನ್ನು ನಂಬಿ ನಾನು ನನ್ನ ಕುಟುಂಬವನ್ನು ಕೂರಿಸಿಕೊಂಡು ಓಡಾಡಿದ್ದೆ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡು ಬದಿಗೂ ಹೊಸ ಪಿನ್ನು ಮತ್ತು ಟ್ರನಿಯನ್ನುಗಳನ್ನು ಇಂಗ್ಲೆಂಡಿನಿಂದ ತರಿಸಿದೆವು. ಅಲ್ಲಿ ಈ ಕಾರಿನ ಬಿಡಿಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತಿವೆ; 16 ಲಕ್ಷಕ್ಕೂ ಹೆಚ್ಚು ತಯಾರಾದ ಕಾರು ಇದಾದ್ದರಿಂದ ಆ ವಿಷಯದಲ್ಲಿ ನಾವು ಭಾಗ್ಯವಂತರು. ಸಾಗಣೆ ಮತ್ತು ಸುಂಕ ಸೇರಿದರೆ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಂಡಿರಬೇಕು. ಲೇತಿನಲ್ಲಿ ಕಡಿಸಿ ಇಲ್ಲಿಯೇ ಮಾಡಿಸಿದರೆ ಅಗ್ಗವಾಗುತ್ತದಲ್ಲವೆ ಎಂದು ನಾನು ಕೇಳಿದ್ದಕ್ಕೆ, ಕೀಲಿನ ಒಳಗೆ ಕೂರುವ ಬುಷ್ಷೆಂಬ ಬಳೆಯಾದರೆ ಕಡಿಸಬಹುದು, ಚಕ್ರ ಹೊರುವ ಪಿನ್ನನ್ನು ಯಾವ ಉಕ್ಕೆಂದು ತಿಳಿಯದೆ ಕಡಿಸಲು ತಾವು ಒಪ್ಪುವುದಿಲ್ಲವೆಂದು ಮೇಸ್ತ್ರಿಯವರು ಹೇಳಿದರು.

ಮೈನರಿಗೆ ಪ್ರತ್ಯೇಕವಾದ ಚಾಸಿ ಇಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಮುಂದೆ ಎಂಜಿನ್ ಹೊರುವ ಎರಡು ಉದ್ದನೆಯ ತೊಲೆಗಳು, ಮುಂದಿನ ಸೀಟುಗಳ ಕೆಳಗೆ ಹಾಯುವ ಒಂದು ಅಡ್ಡ ತೊಲೆ, ಉಳಿದಂತೆ ನೆಲದ ತಗಡು ಮತ್ತು ಬಾಗಿಲ ಕೆಳಗಿನ ಹೊಸ್ತಿಲುಗಳು ಎಲ್ಲವೂ ಸೇರಿ ಕಾರಿನ ಎಲುಬಾಗಿವೆ. ಟಾರ್ಷನ್ ಬಾರಿನ ಹಿಂತುದಿ ಬಿಗಿಯಾಗುವುದು ಆ ಅಡ್ಡ ತೊಲೆಗೆ. ಅದು ತುಕ್ಕು ಹಿಡಿದು ಬಗ್ಗುತ್ತಿದ್ದರೆ ಬಾರ್ ತಿರುಚಿಕೊಳ್ಳುವ ಬದಲು ಕಾರಿನ ಮೈಯೇ ತಿರುಚಿಕೊಳ್ಳುತ್ತದೆ. ಆಗ ಎಷ್ಟು ಒಳ್ಳೆಯ ಸ್ಪ್ರಿಂಗ್ ಹಾಕಿದರೂ ಅದರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ಕಾರಿನ ಹಿಂಬದಿಯನ್ನು ಜಾಕಿನಲ್ಲಿ ಎತ್ತಿದಾಗ ಎಡಬಾಗಿಲು ಚೌಕಟ್ಟಿಗೆ ಸಿಕ್ಕಿಹಾಕಿಕೊಂಡು ತೆರೆಯುತ್ತಿರಲಿಲ್ಲ. ಟಿಂಕರಿಂಗ್ ಕೆಲಸದವರು ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಸಮಮಟ್ಟದಲ್ಲಿ ನಿಲ್ಲಿಸಿ, ಬಾಗಿಲುಗಳ ಸಂದುಗಳನ್ನು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡು, ಆಮೇಲೆ ಅಡ್ಡ ತೊಲೆಯ ಎಡ ತುದಿಯನ್ನೂ ಹಿಂದಿನ ಕಮಾನು ಪಟ್ಟಿ ಕೂರುವ ಜಾಗವನ್ನೂ ಕತ್ತರಿಸಿ 2 ಮಿಲಿಮೀಟರ್ ತಗಡಿನಿಂದ ಹೊಸದಾಗಿ ಕಟ್ಟಿದರು. ಈ ಕೆಲಸ ಮುಗಿದ ದಿನ ಮತ್ತೆ ಜಾಕ್ ಎತ್ತಿ ಬಾಗಿಲು ತೆರೆದು ಮುಚ್ಚಿ ತೋರಿಸಿದರು. ಅದು ಬೀಗದ ಸದ್ದಿನೊಂದಿಗೆ ಸಲೀಸಾಗಿ ಕೂತಿತು. ಈ ಒಂದು ಹಂತಕ್ಕೆ ಏಳು ವಾರ ಹಿಡಿಯಿತು, ಖರ್ಚಿನ ಮೂರನೇ ಒಂದು ಪಾಲೂ ಇಲ್ಲಿಗೇ ಹೋಯಿತು. ಹೊರಗೆ ಕಾಣದ ಕೆಲಸವಾದ್ದರಿಂದ ಜನ ಇದನ್ನು ಬಿಟ್ಟು ನೇರವಾಗಿ ಶಾಕ್ ಅಬ್ಸಾರ್ಬರಿಗೆ ಹೋಗುತ್ತಾರೆ. ಹಾಗೆ ಮಾಡಬಾರದೆಂದು ಕಳಕಳಿಯಿಂದ ಹೇಳುತ್ತೇನೆ.

ಟಾರ್ಷನ್ ಬಾರುಗಳನ್ನು ಬದಲಿಸಲಿಲ್ಲ. ಚಾಲಕನ ಕಡೆ, ಅಂದರೆ ಬಲಬದಿಯಲ್ಲಿ, ಕಾರು ಸ್ವಲ್ಪ ವಾಲಿತ್ತು. ಬಾರಿನ ಹಿಂತುದಿಯ ಹಿಡಿತವನ್ನು ಸರಿಸಿ ಕೂರಿಸಿ ಎತ್ತರವನ್ನು ಸರಿಪಡಿಸಿದರು. ಹೀಗೆ ಸರಿಸಿ ಕೂರಿಸಿದರೆ ಸ್ಪ್ರಿಂಗ್ ಗಡಸಾಗುತ್ತದೆ ಎಂಬ ತಪ್ಪು ತಿಳಿವಳಿಕೆ ಹಳೆಯ ಕಾರಿನವರಲ್ಲಿ ವ್ಯಾಪಕವಾಗಿದೆ. ಅದರಿಂದ ಕಾರಿನ ಎತ್ತರ ಬದಲಾಗುತ್ತದೆಯೇ ಹೊರತು ಗಡಸುತನ ಬದಲಾಗುವುದಿಲ್ಲ. ಗಡಸುತನವನ್ನು ನಿರ್ಧರಿಸುವುದು ಬಾರಿನ ಉದ್ದ ಮತ್ತು ದಪ್ಪ. ಅದರಲ್ಲಿಯೂ ದಪ್ಪದ ಪ್ರಭಾವ ಬಹಳ ತೀವ್ರವಾದದ್ದು: ವ್ಯಾಸವನ್ನು ಶೇ. 5ರಷ್ಟು ಹೆಚ್ಚಿಸಿದರೆ ಗಡಸುತನ ಶೇ. 21ಕ್ಕೂ ಹೆಚ್ಚು ಏರುತ್ತದೆ. ದಪ್ಪ ಬಾರುಗಳನ್ನು ತರಿಸಬೇಕೆಂದು ನನಗೆ ಆಸೆಯಿತ್ತು. ನಮ್ಮ ರಸ್ತೆಗಳಿಗೆ ಅದು ಬೇಡ, 30 ಅಶ್ವಶಕ್ತಿಯ ಕಾರಿಗೆ ಅದರ ಅಗತ್ಯವೂ ಇಲ್ಲ ಎಂದು ಮೇಸ್ತ್ರಿಯವರು ತಡೆದರು. ಮುಂದೆ ಆ್ಯಂಟಿರೋಲ್ ಬಾರ್ ಹಾಕುವ ವಿಚಾರವನ್ನೂ ಇದೇ ರೀತಿ ಬಿಟ್ಟೆವು. ಅದು ತಿರುವಿನಲ್ಲಿ ಮೈ ವಾಲುವುದನ್ನು ತಗ್ಗಿಸುತ್ತದೆ ನಿಜ, ಆದರೆ ಎರಡು ಚಕ್ರಗಳನ್ನು ಒಂದಕ್ಕೊಂದು ಕಟ್ಟಿಹಾಕುವುದರಿಂದ ಒಂದು ಚಕ್ರ ಗುಂಡಿಗೆ ಬಿದ್ದ ಏಟು ಇನ್ನೊಂದಕ್ಕೂ ದಾಟುತ್ತದೆ, ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುವ ಪ್ರವೃತ್ತಿಯೂ ಹೆಚ್ಚುತ್ತದೆ. ಮೈನರ್ ಸ್ವಲ್ಪ ವಾಲಿಯೇ ತಿರುಗಬೇಕು. ಆ ವಾಲುವಿಕೆ ಒಂದೇ ಗತಿಯಲ್ಲಿ, ಮೊದಲೇ ತಿಳಿಯುವಂತೆ ನಡೆದರೆ ಅದರಿಂದ ಭಯವಾಗುವುದಿಲ್ಲ.

ಶಾಕ್ ಅಬ್ಸಾರ್ಬರುಗಳ ವಿಷಯದಲ್ಲಿ ಈ ವರ್ಕ್‌ಶಾಪಿನ ತೀರ್ಮಾನ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಯಿತು. ಮೂಲತಃ ಈ ಕಾರಿಗೆ ಇರುವುದು ತೋಳಿನ ಮಾದರಿಯ ಆರ್ಮ್‌ಸ್ಟ್ರಾಂಗ್ ಶಾಕ್ ಅಬ್ಸಾರ್ಬರುಗಳು. ಒಂದು ಎರಕದ ಪೆಟ್ಟಿಗೆಯೊಳಗೆ ಎರಡು ಪಿಸ್ಟನ್ನುಗಳಿದ್ದು, ಹೊರಗಿನ ತೋಳು ಏರಿಳಿದಂತೆ ಅವು ಎಣ್ಣೆಯನ್ನು ಸಣ್ಣ ಕವಾಟಗಳ ಮೂಲಕ ದೂಡುತ್ತವೆ. ಆ ತಡೆಯಿಂದಲೇ ಚಕ್ರದ ಕುಣಿತ ಅಡಗುತ್ತದೆ. ಮುಂದಿನ ಚಕ್ರದಲ್ಲಿ ಈ ತೋಳಿಗೆ ಇನ್ನೊಂದು ಹೊಣೆಯೂ ಇದೆ: ಚಕ್ರವನ್ನು ಮೇಲುಗಡೆ ಹಿಡಿದಿರುವ ತೋಳೂ ಇದೇ ಆಗಿದೆ. ಹಾಗಾಗಿ ಈಗಿನ ಕಾರುಗಳಲ್ಲಿರುವ ಉದ್ದನೆಯ ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರನ್ನು ಮುಂದೆ ಸೇರಿಸಿದರೂ ಹಳೆಯ ಪೆಟ್ಟಿಗೆಯನ್ನು ಕಿತ್ತುಹಾಕುವಂತಿಲ್ಲ. ಎಣ್ಣೆ ಬರಿದು ಮಾಡಿ ಬರೀ ಕೀಲಾಗಿ ಅದನ್ನು ಉಳಿಸಿಕೊಳ್ಳಬೇಕು, ಇಲ್ಲವೆ ಅದರ ಜಾಗಕ್ಕೆ ಬೇರೆ ತೋಳನ್ನೇ ಕೂರಿಸಬೇಕು. ಹಳೆಯ ಪೆಟ್ಟಿಗೆಯ ಬೇರಿಂಗ್ ಸವೆದಿದ್ದರೆ ಹೊಸ ಶಾಕ್ ಎಷ್ಟು ಚೆನ್ನಾಗಿದ್ದರೂ ಚಕ್ರದ ತಲೆ ಅಲ್ಲಾಡುತ್ತಲೇ ಇರುತ್ತದೆ.

ಆದ್ದರಿಂದ ಮುಂದಿನ ಎರಡನ್ನೂ ಬಿಚ್ಚಿ, ಸವೆದ ದಂಡಕ್ಕೆ ಹೊಸ ಬುಷ್ಷು ಮತ್ತು ಎಣ್ಣೆ ಸೀಲು ಹಾಕಿ, ಒಳಗಿನ ದಪ್ಪ ಎಣ್ಣೆಯ ಕೆಸರನ್ನು ತೊಳೆದು, ಸರಿಯಾದ ತೆಳು ಶಾಕ್ ಎಣ್ಣೆ ತುಂಬಿ ಮರಳಿ ಕೂರಿಸಿದರು. ದಪ್ಪ ಎಣ್ಣೆ ಹಾಕಿದರೆ ಚಕ್ರ ಏರುವಾಗಲೂ ಇಳಿಯುವಾಗಲೂ ತಡೆ ಒಂದೇ ಸಮನೆ ಹೆಚ್ಚುತ್ತದೆ. ಸಣ್ಣ ಕಲ್ಲಿನ ಮೇಲೆ ಹಾಯ್ದರೂ ಏಟು ನೇರವಾಗಿ ಮೈಗೆ ತಾಗುತ್ತದೆ. ಅದರ ಬದಲು ಚಕ್ರ ಕೆಳಗಿಳಿಯುವಾಗ ಕೆಲಸ ಮಾಡುವ ಕವಾಟದ ಸ್ಪ್ರಿಂಗನ್ನು ಮಾತ್ರ ತುಸು ಬಿಗಿ ಮಾಡಿದರು. ಉಬ್ಬನ್ನು ಚಕ್ರ ಸುಲಭವಾಗಿ ಏರಬೇಕು, ಆದರೆ ಏರಿದ ಮೇಲೆ ಸ್ಪ್ರಿಂಗ್ ಅದನ್ನು ಎಸೆಯಬಾರದು ಎಂಬುದು ಇದರ ಹಿಂದಿನ ತರ್ಕ. ಬೆಂಚಿನ ಮೇಲೆ ವೈಸಿನಲ್ಲಿ ಹಿಡಿದ ಪೆಟ್ಟಿಗೆಯ ತೋಳನ್ನು ನನ್ನ ಕೈಗೆ ಕೊಟ್ಟು, ಒತ್ತಿ ನೋಡಿ, ಎತ್ತಿ ನೋಡಿ ಎಂದಾಗ ಆ ವ್ಯತ್ಯಾಸ ನನ್ನ ತೋಳಿಗೇ ಅರ್ಥವಾಯಿತು: ಒಂದು ದಿಕ್ಕಿಗೆ ಜೇನಿನಲ್ಲಿ ಚಮಚ ಆಡಿಸಿದ ಹಾಗೆ, ಇನ್ನೊಂದು ದಿಕ್ಕಿಗೆ ಗಟ್ಟಿ ಬೆಲ್ಲದ ಪಾಕದಲ್ಲಿ ಆಡಿಸಿದ ಹಾಗೆ. ಹಿಂಬದಿಯಲ್ಲಿ ಶಾಕ್ ಅಬ್ಸಾರ್ಬರಿಗೆ ಚಕ್ರ ಹಿಡಿಯುವ ಹೊಣೆ ಇಲ್ಲದ ಕಾರಣ ಅಲ್ಲಿ ಮಾತ್ರ ಹಳೆಯದನ್ನು ತೆಗೆದು, ಬ್ರಾಕೆಟ್ ಸಹಿತ ಬಂದ ಟೆಲಿಸ್ಕೋಪಿಕ್ ಕಿಟ್ ಹಾಕಿಸಿದೆವು. ಮೂಲ ಭಾಗಗಳನ್ನು ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ನನಗೆ ಹಿಂದಿರುಗಿಸಿದರು; ಕಾರಿಗೆ ಹೊಸ ತೂತು ಕೊರೆಯದೆ ಕೂರಿಸಿದ್ದರಿಂದ ಬೇಕಾದಾಗ ಮರಳಿ ಹಾಕಬಹುದು.

ಕಮಾನು ಪಟ್ಟಿಗಳನ್ನು ಪೀಣ್ಯದ ಒಬ್ಬ ಸ್ಪ್ರಿಂಗ್ ತಯಾರಕರಲ್ಲಿ ಮೂಲ ಅಳತೆಯಂತೆ ಹೊಸದಾಗಿ ಮಾಡಿಸಿದೆವು. ಸೇರಿಸಿದ್ದ ಎರಡು ಪ್ಲೇಟುಗಳು ಗುಜರಿಗೆ ಹೋದವು. ಪ್ಲೇಟುಗಳ ತುದಿಗಳನ್ನು ಉಜ್ಜಿ ನಯ ಮಾಡಿ, ನಡುವೆ ತೆಳುವಾದ ನೈಲಾನ್ ತುಣುಕುಗಳನ್ನಿಟ್ಟು ಕಟ್ಟಿದ್ದರಿಂದ ಒಂದರ ಮೇಲೊಂದು ಜಾರುವಾಗ ಮುಂಚಿನಂತೆ ಹಿಡಿದುಕೊಳ್ಳುವುದಿಲ್ಲ. ಹಿಂಬದಿಯ ಒದೆತ ನಿಂತದ್ದು ಮುಖ್ಯವಾಗಿ ಇದರಿಂದ.

ಬುಷ್ಷುಗಳ ವಿಷಯದಲ್ಲಿ ವರ್ಕ್‌ಶಾಪಿನ ಒಂದು ತಪ್ಪನ್ನು ಹೇಳಲೇಬೇಕು. ಈಗ ಎಲ್ಲೆಡೆ ರಬ್ಬರಿನ ಬದಲು ಪಾಲಿಯುರೆಥೇನ್ ಬುಷ್ಷುಗಳನ್ನು ಹೊಗಳುತ್ತಾರೆ. ಮುಂದಿನ ಕೆಳತೋಳನ್ನು ಬ್ರೇಕ್ ಹಾಕಿದಾಗ ಹಿಂದಕ್ಕೆ ಹೋಗದಂತೆ ಹಿಡಿಯುವ ಟೈ ರಾಡಿಗೆ ಅದನ್ನು ಹಾಕಿದ್ದು ಅತ್ಯುತ್ತಮ ನಿರ್ಧಾರವಾಗಿತ್ತು; ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಎಳೆಯುವುದು ಅಂದಿನಿಂದಲೇ ನಿಂತಿತು. ಆದರೆ ಕಮಾನು ಪಟ್ಟಿಯ ತುದಿಯನ್ನು ಕಾರಿನ ಮೈಗೆ ಜೋಡಿಸುವ ಶಾಕಲ್‌ಗಳಿಗೂ ಅದನ್ನೇ ಹಾಕಿದ್ದರು. ಜೂನ್ ತಿಂಗಳ ಮೊದಲ ಮಳೆಯಲ್ಲಿ ನೆನೆದ ಮೇಲೆ ಹಿಂಬದಿ ಹಳೆಯ ಮಂಚದಂತೆ ಕಿರುಗುಟ್ಟಲು ಆರಂಭಿಸಿತು, ರಸ್ತೆಯ ಒರಟುತನವೂ ಸೀಟಿಗೆ ನೇರವಾಗಿ ಬರುತ್ತಿತ್ತು. ಎರಡು ಸಲ ಗ್ರೀಸ್ ಹಚ್ಚಿದರೂ ಹೋಗಲಿಲ್ಲ. ಕೊನೆಗೆ ಸಾಧಾರಣ ರಬ್ಬರ್ ಬುಷ್ಷುಗಳನ್ನೇ ಮರಳಿ ಹಾಕಿದ ಮೇಲೆ ಕಾರು ಶಾಂತವಾಯಿತು. ಬಿಚ್ಚಿ ಹಾಕಿದ ಕೂಲಿಯನ್ನು ಅವರು ತೆಗೆದುಕೊಳ್ಳಲಿಲ್ಲ, ಬುಷ್ಷಿನ ಹಣ ಮಾತ್ರ ನನ್ನದಾಯಿತು. ಚಕ್ರ ಸ್ಥಾನ ಬಿಟ್ಟು ಕದಲಬಾರದ ಕಡೆ ಪಾಲಿಯುರೆಥೇನ್, ಭಾಗ ತಿರುಗಿ ತಿರುಚಿ ಬದುಕಬೇಕಾದ ಕಡೆ ರಬ್ಬರ್ ಎಂಬುದು ಈ ಅನುಭವದಿಂದ ನಾನು ಕಂಡುಕೊಂಡ ವಿವೇಕ.

ಟೈರುಗಳನ್ನು ಕೊನೆಗೆ ಬದಲಿಸಿದೆವು. ಮೂಲದ 5.00-14 ಅಳತೆಯ, ಒಳದಾರಗಳು ಅಡ್ಡಡ್ಡ ಹೆಣೆದ ಹಳೆಯ ರಚನೆಯ ಕ್ರಾಸ್‌ಪ್ಲೈ ಟೈರುಗಳು ರಸ್ತೆಯ ಗೀರು ಹಿಡಿದು ಅಲೆಯುವ ಸ್ವಭಾವದವು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ 165 ಅಗಲದ 14 ಇಂಚಿನ ರೇಡಿಯಲ್ (ಈಗಿನ ಕಾರುಗಳ ಬಗೆಯ ಟೈರು) ಸುಲಭವಾಗಿ ಸಿಗುತ್ತಿತ್ತು. ಆದರೆ ಈ ಕಾರಿನ ರಿಮ್ ಬಹಳ ಕಿರಿದು. ಕಿರಿದಾದ ರಿಮ್ಮಿನ ಮೇಲೆ ಅಗಲ ಟೈರು ಕೂರಿಸಿದರೆ ಅದರ ಪಕ್ಕೆಗಳು ಬಲೂನಿನಂತೆ ಉಬ್ಬಿ, ತಿರುವಿನಲ್ಲಿ ರಿಮ್ ಒಂದು ಕಡೆ, ಟೈರು ಒಂದು ಕಡೆ ಎಂಬಂತಾಗುತ್ತದೆ. ಆರು ವಾರ ಕಾದು 145/80 ಅಳತೆಯ ರೇಡಿಯಲ್ ತರಿಸಿಕೊಂಡೆವು. ಕಾದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನಿಂತಲ್ಲೇ ಸ್ಟೇರಿಂಗ್ ತಿರುಗಿಸುವುದು ಮುಂಚಿಗಿಂತ ಭಾರವೆನಿಸುತ್ತದೆ, ಕಾರು ಚಲಿಸಲು ತೊಡಗಿದೊಡನೆ ಆ ಭಾರ ಇರುವುದಿಲ್ಲ. ಮುಂದೆ 26, ಹಿಂದೆ 28 ಪೌಂಡ್ ಗಾಳಿ ನನಗೆ ಒಗ್ಗಿದೆ.

ವ್ಹೀಲ್ ಅಲೈನ್‌ಮೆಂಟಿಗೆ ಕಂಪ್ಯೂಟರ್ ಇರುವ ಅಂಗಡಿಗೆ ಹೋದಾಗ ಅವರ ಯಂತ್ರದಲ್ಲಿ ಈ ಕಾರಿನ ಹೆಸರೇ ಇರಲಿಲ್ಲ. ಮರಳಿ ಬಂದು, ಕಾರಿನ ಎರಡೂ ಬದಿಗೆ ನೂಲು ಕಟ್ಟಿ, ಚಕ್ರಗಳ ಮುಂಭಾಗ ಹಿಂಭಾಗದ ಅಂತರವನ್ನು ಅಳತೆ ಕೋಲಿನಿಂದ ನೋಡಿ ಕೈಯಲ್ಲಿಯೇ ಸರಿಪಡಿಸಿದರು. ಕ್ರಾಸ್‌ಪ್ಲೈ ಟೈರಿಗೆ ಚಕ್ರಗಳು ಮುಂದೆ 3/32 ಇಂಚು, ಅಂದರೆ 2.4 ಮಿಲಿಮೀಟರಿನಷ್ಟು ಒಳಮುಖವಾಗಿರಬೇಕೆಂಬುದು ಮೂಲ ಅಳತೆ. ರೇಡಿಯಲ್ ಹಾಕಿದ್ದರಿಂದ ಅದರ ಅರ್ಧದಷ್ಟು ಸಾಕೆಂದು ಇಟ್ಟರು. ಮೂರು ಸಾವಿರ ಕಿಲೋಮೀಟರ್ ಕಳೆದರೂ ಟೈರಿನ ಅಂಚು ಸವೆದಿಲ್ಲವೆಂದರೆ ನೂಲಿನ ಲೆಕ್ಕ ಸರಿಯಾಗಿಯೇ ಇತ್ತೆಂದಾಯಿತು.

ಈಗ ಕಾರು ಓಡುವ ಬಗೆ. ತಾವರೆಕೆರೆ ದಾಟಿ ಮಾಗಡಿಯ ಕಡೆಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಆರೂವರೆಗೆ ಹೊರಟರೆ ಸಾವನದುರ್ಗದ ಬಂಡೆ ಕಾಣುವವರೆಗೂ ತಿರುವುಗಳು ಒಂದಾದ ಮೇಲೊಂದು ಬರುತ್ತವೆ. ಅಲ್ಲಿ ಗಂಟೆಗೆ 60ರಲ್ಲಿ ಎರಡು ಬೆರಳಿನ ಹಿಡಿತದಲ್ಲಿ ಸ್ಟೇರಿಂಗ್ ನಿಲ್ಲುತ್ತದೆ. ತಿರುವಿಗೆ ಸ್ವಲ್ಪ ತಿರುಗಿಸಿದರೆ ಕಾರು ಸ್ವಲ್ಪವೇ ತಿರುಗುತ್ತದೆ. ಮುಂಚೆ ಅರ್ಧ ಅಂಗುಲ ಖಾಲಿ ಓಡಾಡಿ ಆಮೇಲೆ ಒಮ್ಮೆಗೇ ಹಾರುತ್ತಿದ್ದದ್ದು ಈಗ ಇಲ್ಲ. ರಸ್ತೆಯ ಒರಟುತನ ಕೈಗೆ ತಿಳಿಯುತ್ತದೆ, ಆದರೆ ಕೈಯನ್ನು ಕುಲುಕುವುದಿಲ್ಲ. ಉಬ್ಬು ದಾಟಿದ ಮೇಲೆ ಮೂತಿ ಒಮ್ಮೆ ಏರಿ ಒಮ್ಮೆ ಇಳಿದು ನಿಂತುಬಿಡುತ್ತದೆ. ತಿರುವಿನ ನಡುವೆ ಗುಂಡಿ ಸಿಕ್ಕರೆ ಹಿಂಬದಿ ಇನ್ನೂ ತುಸು ಪಕ್ಕಕ್ಕೆ ಹೆಜ್ಜೆ ಇಡುತ್ತದೆ. ಕಮಾನು ಪಟ್ಟಿಯ ಮೇಲೆ ಗಟ್ಟಿ ಆ್ಯಕ್ಸೆಲ್ ಇರುವ ಕಾರಿನಲ್ಲಿ ಅಷ್ಟು ಇದ್ದೇ ಇರುತ್ತದೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕುಗಳೇ ಇರುವುದರಿಂದ 70 ದಾಟಿ ಓಡಿಸುವ ಆಸೆಯನ್ನು ನಾನು ಇಟ್ಟುಕೊಂಡಿಲ್ಲ. ನಿಲ್ಲುವ ಶಕ್ತಿ ಹೆಚ್ಚಿಸದೆ ಓಡುವ ಧೈರ್ಯವನ್ನು ಮಾತ್ರ ಹೆಚ್ಚಿಸಿಕೊಳ್ಳುವುದು ಸರಿಯಲ್ಲ.

ಒಟ್ಟು ಖರ್ಚು, ಟೈರು ಮತ್ತು ಸುಂಕ ಸೇರಿ, 2,40,000 ರೂಪಾಯಿಗಳ ಸಮೀಪ ಬಂದಿತು. ಒಪ್ಪಿಕೊಂಡದ್ದು ಎರಡು ತಿಂಗಳು, ಆದದ್ದು ಐದು ತಿಂಗಳು. ಲಿಖಿತ ಅಂದಾಜು ಪಟ್ಟಿ ಕೊಡುವ ಪದ್ಧತಿ ಅವರಲ್ಲಿಲ್ಲ. ನಾನು ಪ್ರತಿ ಶನಿವಾರ ಹೋಗಿ ನೋಟ್ ಪುಸ್ತಕದಲ್ಲಿ ಬರೆದುಕೊಂಡು ಅವರ ಸಹಿ ಹಾಕಿಸಿಕೊಳ್ಳುತ್ತಿದ್ದೆ, ಇಲ್ಲದಿದ್ದರೆ ಲೆಕ್ಕ ಕೈತಪ್ಪುತ್ತಿತ್ತು. ಫೋನ್ ಮಾಡಿದರೆ ಎತ್ತುವುದಿಲ್ಲ. ಬೇರೆ ಊರಿನವರು ಕಾರು ಬಿಟ್ಟುಹೋಗುವುದಾದರೆ ವಾರಕ್ಕೊಮ್ಮೆ ಹೋಗಿ ನೋಡಿಬರುವ ಒಬ್ಬ ಆಪ್ತರು ನಗರದಲ್ಲಿ ಇರಲೇಬೇಕು. 900 ಕಿಲೋಮೀಟರ್ ಆದಾಗ ಮುಂದಿನ ಬಲ ಶಾಕ್ ಅಬ್ಸಾರ್ಬರಿನ ಸೀಲು ಎಣ್ಣೆ ಒಸರಿತು. ಒಂದು ಮಾತೂ ಆಡದೆ ಬಿಚ್ಚಿ ಬೇರೆ ಸೀಲು ಹಾಕಿದರು, ಆಮೇಲೆ ಒಸರಿಲ್ಲ. ಈ ಕೊರತೆಗಳೆಲ್ಲ ಇದ್ದರೂ ಇದೇ ಕೆಲಸವನ್ನು ಮತ್ತೊಮ್ಮೆ ಮಾಡಿಸಬೇಕಾಗಿ ಬಂದರೆ ನಾನು ಹೋಗುವುದು ಅಲ್ಲಿಗೇ.

ಕಾರನ್ನು ಒಪ್ಪಿಸಿದ ದಿನ ಮೇಸ್ತ್ರಿಯವರು ನನ್ನನ್ನು ಕಾರಿನ ಕೆಳಗಿನ ಕೆಲಸದ ಗುಂಡಿಯೊಳಗೆ ಇಳಿಸಿ, ಮುಂದಿನ ನಾಲ್ಕು ಗ್ರೀಸ್ ನಿಪ್ಪಲುಗಳನ್ನು ಬೆರಳಿಟ್ಟು ತೋರಿಸಿ, ಗ್ರೀಸ್ ಗನ್ನನ್ನು ನನ್ನಿಂದಲೇ ಒತ್ತಿಸಿದರು. ಟ್ರನಿಯನ್ನಿನ ಇನ್ನೊಂದು ಅಂಚಿನಿಂದ ಹೊಸ ಗ್ರೀಸ್ ಹೊರಗೆ ಇಣುಕುವವರೆಗೂ ಒತ್ತಬೇಕು, ಇಣುಕದಿದ್ದರೆ ಒತ್ತಿದ್ದು ಲೆಕ್ಕಕ್ಕಿಲ್ಲ ಎಂದರು. ಅಂದಿನಿಂದ ಪ್ರತಿ 1,500 ಕಿಲೋಮೀಟರಿಗೊಮ್ಮೆ ಈ ಕೆಲಸವನ್ನು ನಾನೇ ಮಾಡುತ್ತಿದ್ದೇನೆ. ಕಳೆದ ಭಾನುವಾರ ತಾಯಿಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಾಗಡಿಯ ರಂಗನಾಥಸ್ವಾಮಿ ದೇವಸ್ಥಾನಕ್ಕೆ ಹೋಗಿಬಂದೆ. ಹಿಂದಿರುಗುವಾಗ ತಾವರೆಕೆರೆಯ ಹತ್ತಿರ ಅವರಿಗೆ ನಿದ್ದೆ ಹತ್ತಿತ್ತು.